ಹೆಸರು ನಂಬದ ಸೀನಿಯರ್

ಹಾಸನದಿಂದ ಹೊಳೆನರಸೀಪುರಕ್ಕೆ ಬರುವ ಬಸ್ಸಿನಲ್ಲಿ ಮೊನ್ನೆ ಹಿಂದಿನ ಸೀಟಿನಿಂದ ಲವಂಗದ ವಾಸನೆ ಬಂತು. ಮೈಯೆಲ್ಲ ಉರಿಯಿತು. ಬಾಯಿ ತುಂಬ ಬೈಗುಳ ಇಟ್ಟುಕೊಂಡೇ ತಿರುಗಿ ನೋಡಿದೆ.

ಹಲ್ಲುನೋವೆಂದು ದಿನವಿಡೀ ಲವಂಗ ಜಗಿಯುತ್ತಿದ್ದವನು ನನ್ನ ಮೊದಲ ಕೆಲಸದ ಸೀನಿಯರ್. ಎದುರಿಗೆ ಸಾರ್ ಎನ್ನುತ್ತಿದ್ದೆ. ಏಕವಚನದಲ್ಲಿ ಮಾತಾಡಬೇಡ ಎಂದು ಅಮ್ಮ ಈಗಲೂ ಗದರುತ್ತಾಳೆ. ಬಹುವಚನ ಬಾಯಿಗೆ ಬರುವುದಿಲ್ಲ, ಏನು ಮಾಡಲಿ?

ಹಳ್ಳಿ ಡೇರಿಗಳ ಹಾಲಿನ ಲೆಕ್ಕ ನೋಡಿಕೊಳ್ಳುವ ಸಣ್ಣ ಕಂಪನಿ ಅದು, ಹಾಸನದಲ್ಲಿ. ನಮ್ಮ ಸರ್ವರುಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕಂಟೇನರ್, ಅಂದರೆ ತನ್ನ ಪಾಡಿಗೆ ಓಡುವ ಪ್ರೋಗ್ರಾಮಿನ ಡಬ್ಬಿ, ಇರುತ್ತಿತ್ತು. ಒಂದು ಕೆಟ್ಟರೆ ಅದರ ಜಾಗಕ್ಕೆ ಹೊಸದು ಬರುತ್ತದೆ, ನಂಬರಿನ ವಿಳಾಸವೂ ಬದಲಾಗುತ್ತದೆ. ಹಾಗಾಗಿ ಅವು ಒಂದನ್ನೊಂದು ಹೆಸರು ಹಿಡಿದೇ ಕರೆಯಬೇಕು. ಆ ಹೆಸರಿನ ಈಗಿನ ವಿಳಾಸ ಯಾವುದೆಂದು ಹೇಳುವುದು ಡಿಎನ್‌ಎಸ್. ಅವನಿಗೆ ಇದು ಒಗ್ಗುತ್ತಿರಲಿಲ್ಲ. "ಎಸ್ರು ನಂಬ್ಬ್ಯಾಡ ಕಣಮ್ಮ, ನಂಬರ್ ನಂಬು" ಎನ್ನುತ್ತ ಸಿಕ್ಕಲ್ಲೆಲ್ಲ ನಂಬರನ್ನು ಕೈಯಾರೆ ತುರುಕುತ್ತಿದ್ದ.

ನನ್ನ ಕೆಲಸ ಕಾಯಂ ಆಗಬೇಕಿದ್ದ ತಿಂಗಳು… ಒಂದು ಭಾನುವಾರ ಅವನು ಸರ್ವರುಗಳ ವ್ಯವಸ್ಥೆಯನ್ನೆಲ್ಲ ಹೊಸದಾಗಿ ಕಟ್ಟಿದ. ಸೋಮವಾರ ಬೆಳಿಗ್ಗೆಯೇ ನುಗ್ಗೇಹಳ್ಳಿ ಕಡೆಯ ಡೇರಿಯೊಂದರಿಂದ ಫೋನ್ ಬಂತು. "ಮೇಡಂ, ಕಂಪ್ಯೂಟ್ರು ಏನೂ ತಗತಿಲ್ಲ. ಜನ ಕ್ಯಾನ್ ಇಡ್ಕಂಡು ನಿಂತವ್ರೆ. ಆಲು ಒಡ್ದೋಯ್ತದೆ ಕಣಮ್ಮ."

ಕಂಟೇನರಿನ ಒಳಹೊಕ್ಕು ನೋಡಿದೆ. ನಂಬರ್ ಕೊಟ್ಟು ಕರೆದರೆ ಡೇಟಾಬೇಸ್ ಓಗೊಡುತ್ತಿತ್ತು, ಹೆಸರು ಕೊಟ್ಟು ಕರೆದರೆ ಸದ್ದಿಲ್ಲ. ಅಂದರೆ ದಾರಿ ಸರಿಯಿದೆ, ವಿಳಾಸ ಕೇಳುವ ಜಾಗ ತಪ್ಪಿದೆ. ಡಿಎನ್‌ಎಸ್ ಸರ್ವರಿನ ಹಳೆಯ ನಂಬರನ್ನೇ ಅವನು ಎಲ್ಲ ಕಂಟೇನರುಗಳಿಗೂ ಬರೆದಿಟ್ಟಿದ್ದ. ಹೊಸದಾಗಿ ಕಟ್ಟಿದ ಮೇಲೆ ಆ ನಂಬರಿನಲ್ಲಿ ಯಾರೂ ಇರಲಿಲ್ಲ.

ಮಾಲೀಕರಿಗೆ ಹೇಳುವ ಮೊದಲು ಅವನಿಗೇ ಹೇಳಿದೆ, ದೊಡ್ಡವನೆಂದು. "ನೀನ್ ಸುಮ್ಕಿರಮ್ಮ, ನಾನ್ ನೋಡ್ಕತೀನಿ" ಎಂದ. ನೋಡಿಕೊಂಡ, ಚೆನ್ನಾಗಿಯೇ ನೋಡಿಕೊಂಡ. ಸರಿಮಾಡುವಷ್ಟರಲ್ಲಿ ಎರಡು ಮೂರು ಊರಿನ ಹಾಲು ಹಾಳಾಗಿತ್ತು. ನೇರ ಮಾಲೀಕರ ಕೋಣೆಗೆ ಹೋಗಿ, "ಆ ಉಡ್ಗಿ ಏನೋ ಮುಟ್ಬುಟ್ಟವ್ಳೆ ಸಾ" ಎಂದ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿಯೂ ಲವಂಗ ಜಗಿಯುತ್ತಲೇ ಇದ್ದ. ಎಷ್ಟು ಹೇಳಿದರೂ ಮಾಲೀಕರು ಕಿವಿಗೆ ಹಾಕಿಕೊಳ್ಳಲಿಲ್ಲ. ತೋರಿಸೋಣವೆಂದರೆ ಆ ಹಳೆಯ ನಂಬರಿನ ಗುರುತನ್ನೂ ಅವನು ಉಳಿಸಿರಲಿಲ್ಲ. ವಾರ ಕಳೆಯುವುದರೊಳಗೆ ನಾನು ಮನೆಯಲ್ಲಿದ್ದೆ.

ಆಮೇಲೆ ಬೇರೆ ಕೆಲಸ ಸಿಕ್ಕಿತು, ಆ ಮಾತು ಬೇರೆ. ಆದರೆ ಹಾಸನ ಎಷ್ಟು ದೊಡ್ಡ ಊರು? ಆ ಆಫೀಸಿನವರು ಎಲ್ಲಾದರೂ ಸಿಕ್ಕರೆ ಇವತ್ತಿಗೂ "ಆಲು ಒಡೆಸಿದ ಮೇಡಂ" ಎಂದು ನಗುತ್ತಾರೆ. ಅವರ ಜೊತೆ ನಾನೂ ಹಲ್ಲು ಕಿರಿಯಬೇಕು.

ಹೋದ ವರ್ಷ ಅವನು ದಂಡಿಗನಹಳ್ಳಿ ಕಡೆಯ ತನ್ನ ಊರಿನಲ್ಲಿ ತೀರಿಕೊಂಡನಂತೆ. ಸುದ್ದಿ ಹೇಳಿದವರು ಪಾಪ ಎಂದರು. ನಾನು ಅನ್ನಲಿಲ್ಲ.

ಬಸ್ಸಿನಲ್ಲಿ ಅವನು ಸತ್ತದ್ದು ನೆನಪಾಗುವ ಮೊದಲೇ ನನ್ನ ಕತ್ತು ತಿರುಗಿತ್ತು. ಹಿಂದೆ ಒಬ್ಬ ಅಜ್ಜಿ ಕೆನ್ನೆ ಹಿಡಿದುಕೊಂಡು ಕೂತಿದ್ದರು. "ಏನವ್ವಾ?" ಎಂದರು. ಏನಿಲ್ಲ ಎಂದು ಮುಂದಕ್ಕೆ ತಿರುಗಿದೆ. ಬೈಯೋಣವೆಂದರೆ ಅವನಿಲ್ಲ… ಅವತ್ತು ತಪ್ಪು ನನ್ನದಲ್ಲವೆಂದು ನನ್ನ ಬಿಟ್ಟರೆ ಬಲ್ಲವನು ಅವನೊಬ್ಬನೇ. ಅವನೂ ಹೋದ.