ಗಡ್ಡದಯ್ಯನ ಮಗ ಮಲಗಿದ ಭಾನುವಾರ

ಅಪ್ಪನ ಅಂಗಿಗಳನ್ನು ಬೀರುವಿನಿಂದ ತೆಗೆಯುತ್ತಿದ್ದಾಗ ಕೆಳಗೊಂದು ರಟ್ಟಿನ ಡಬ್ಬ ಸಿಕ್ಕಿತು. ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ, ಅದರ ಹಿಂದೆಯೇ ಹಳೆಯ ಪ್ಲಾಸ್ಟಿಕ್ಕಿನ ವಾಸನೆ. ಒಳಗೆ ಸೀಡಿಗಳು. ಎಲ್ಲದರ ಮೇಲೂ ಒಂದೇ ಮುಖ: ಗುಳಿಬಿದ್ದ ಕೆನ್ನೆ, ಮೀಸೆಯಿಲ್ಲದ ಗಡ್ಡ, ಕೊಳವೆಯಂಥ ಕರಿ ಟೋಪಿ. ಅಮೆರಿಕದ ಹಳೆಯ ಅಧ್ಯಕ್ಷರೊಬ್ಬರು; ಹೆಸರು ನಿಮಗೂ ಗೊತ್ತಿರುತ್ತದೆ. ನಮ್ಮ ವಠಾರಕ್ಕೆ ಮಾತ್ರ ಅವರು ಗಡ್ಡದಯ್ಯ.

ಅಪ್ಪ ಹೋಗಿ ಇನ್ನೂ ತಿಂಗಳಾಗಿಲ್ಲ.

ನಾನು ನೆನಪನ್ನು ಸುಲಭಕ್ಕೆ ನಂಬುವವಳಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ ಫಲವೋ ಏನೋ, ದಿನಚರಿಯಲ್ಲಿ ನಿನ್ನೆ ತಿಂದ ಉಪ್ಪಿಟ್ಟಿಗೂ ಒಂದು 'ಬಹುಶಃ' ಸೇರಿಸುತ್ತೇನೆ. ಆ ಒಂದು ಭಾನುವಾರಕ್ಕೆ ಮಾತ್ರ ಎಂದೂ ಸೇರಿಸಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಕೋಲಾರದ ಕಡೆಯಿಂದ ಬಂದ ನಾವು ಹೊಸೂರಿನ ಒಂದು ವಠಾರದಲ್ಲಿದ್ದೆವು. ಅಪ್ಪನಿಗೆ ಕಾರ್ಖಾನೆಯಲ್ಲಿ ಲೇತ್ ಕೆಲಸ. ಅಲ್ಲಿನ ಅಧಿಕಾರಿಯೊಬ್ಬರು ಮನೆ ಖಾಲಿ ಮಾಡುವಾಗ ಈ ಡಬ್ಬ ಕೊಟ್ಟಿದ್ದರು. ಮಗಳಿಗೆ ಇಂಗ್ಲಿಷ್ ಬರಲಿ ಎಂದು ಅಪ್ಪ ಹೊತ್ತು ತಂದರು. ಶಾಲೆಯ ಮಕ್ಕಳಿಗೆಂದು ಮಾಡಿದ ಪುಟ್ಟ ಚಿತ್ರಗಳು. ಒಂದೊಂದರಲ್ಲೂ ಅಯ್ಯನ ಬದುಕಿನ ಒಂದೊಂದು ತುಂಡು. ಮರದ ದಿಮ್ಮಿಯ ಗುಡಿಸಲಲ್ಲಿ ಹುಟ್ಟಿದ್ದು, ಒಲೆಯ ಬೆಳಕಲ್ಲಿ ಓದಿದ್ದು, ವಕೀಲನಾದದ್ದು, ಯುದ್ಧ.

ಮನೆಯಲ್ಲಿ ಆಗ ಸದ್ದೇ ಇರಲಿಲ್ಲ. ಹಿಂದಿನ ವರ್ಷ ನನ್ನ ತಮ್ಮ ಕಿಟ್ಟಿ ಜ್ವರದಲ್ಲಿ ತೀರಿಕೊಂಡಿದ್ದ. ಆಮೇಲೆ ಅಪ್ಪನಾಗಲಿ ಅಮ್ಮನಾಗಲಿ ಅವನ ಹೆಸರೆತ್ತಿದ್ದನ್ನು ನಾನು ಕೇಳಲಿಲ್ಲ. ಶಿಫ್ಟು, ನೀರು, ಗ್ಯಾಸು, ಇಷ್ಟೇ ಮಾತು. ಹೀಗಾಗಿ ಅಪ್ಪ ಭಾನುವಾರ ಮಧ್ಯಾಹ್ನ ಅಕ್ಕಪಕ್ಕದವರನ್ನು ಕರೆದು ಸೀಡಿ ಹಾಕತೊಡಗಿದಾಗ ನನಗೆ ಹಬ್ಬವಾಯಿತು. ಈ ಕಡೆ ಬೇಸಿಗೆಯಲ್ಲಿ ಗುಡಿಯ ಮುಂದೆ ಮಹಾಭಾರತ ಹೇಳುವವರು ಕತೆ ಬಿಡಿಸಿ ಹೇಳುತ್ತಾರಲ್ಲ, ಹಾಗೆ ಅಪ್ಪ ಟೀವಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಅವರಿಗಿದ್ದದ್ದು ಕಾರ್ಖಾನೆಯ ಇಂಗ್ಲಿಷ್. ಮಿಕ್ಕದ್ದು ಧೈರ್ಯ.

"ಅಣ್ಣಾ, ಅಷ್ಟುದ್ದ ಟೋಪಿ ಯಾಕೆ ಅವರಿಗೆ?" ಎಂದು ಪಕ್ಕದ ಮನೆಯ ಸೆಲ್ವಿ ಅಕ್ಕ ಕೇಳಿದ್ದರು. ಸೂಳಗಿರಿಯವರು, ಮನೆಮಾತು ತಮಿಳು.

"ಊಟದ ಡಬ್ಬಿ ಇಟ್ಕೊಳ್ಳಾಕೆ ಕಣಮ್ಮ."

ಯುದ್ಧದ ಚಿತ್ರ ಬಂದಾಗ ಅಪ್ಪ, "ದಕ್ಷಿಣದ ಶೆಡ್ಡಿನೋರು ಸ್ಟ್ರೈಕ್ ಮಾಡ್ಬುಟ್ಟವ್ರೆ. ಅಯ್ಯ ಮಾತುಕತೆಗೆ ಕರದ್ರೂ ಬತ್ತಿಲ್ಲ" ಎಂದರು. ಎಲ್ಲರಿಗೂ ಅರ್ಥವಾಯಿತು. ಆಮೇಲೆ ಕಾಲೇಜಿನಲ್ಲಿ ಆ ಯುದ್ಧದ ಬಗ್ಗೆ ದಪ್ಪ ಪುಸ್ತಕಗಳನ್ನು ಓದಿದರೂ ನನ್ನ ತಲೆಯೊಳಗೆ ಇವತ್ತಿಗೂ ಕಾರ್ಖಾನೆಯ ಎರಡು ಶೆಡ್ಡುಗಳೇ ಇವೆ.

ಮುಂದಿನ ಭಾನುವಾರದ ಸೀಡಿಯಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಬಿಳಿ ಮನೆ. ಅಯ್ಯನ ಪುಟ್ಟ ಮಗನೊಬ್ಬನಿಗೆ ಜ್ವರ. ಮಂಚದ ಪಕ್ಕ ತಾಯಿ, ಒದ್ದೆ ಬಟ್ಟೆ. ಡಾಕ್ಟರು ಬರುತ್ತಾರೆ, ತಲೆ ತಗ್ಗಿಸಿ ಹೋಗುತ್ತಾರೆ. ಮುಂದಿನ ದೃಶ್ಯದಲ್ಲಿ ಹುಡುಗನ ಕೈ ಎದೆಯ ಮೇಲಿದೆ, ಕೈಯಲ್ಲಿ ಹೂವಿದೆ. ತಾಯಿ ಕಪ್ಪು ಉಟ್ಟಿದ್ದಾಳೆ. ವಠಾರವೆಲ್ಲ ಅಪ್ಪನ ಕಡೆ ನೋಡಿತು. ಆಗ ಆ ಮಾತು ಬಂತು: "ಹುಡುಗ ಮಲಗವ್ನೆ. ಜ್ವರ ಬಿಟ್ಟೈತೆ."

ಯಾರೂ ಅಲ್ಲ ಎನ್ನಲಿಲ್ಲ. ಬಾಗಿಲ ಬಳಿ ಕೂತಿದ್ದ ಮುನಿಯಮ್ಮಜ್ಜಿ, "ಮಲಗ್ಲಿ ಬುಡಪ್ಪ, ಮಗ ದಣದೈತೆ" ಎಂದಳು. ಸೀಡಿ ಮುಗಿಯಿತು.

ಎಂದಿನಂತಾದರೆ ಆಗ ಮನೆ ತುಂಬ "ಬತ್ತೀವಣ್ಣ, ಬತ್ತೀವಕ್ಕ" ಎಂಬ ಗದ್ದಲ. ಅವತ್ತು ಒಬ್ಬೊಬ್ಬರೇ ಎದ್ದರು, ಚಪ್ಪಲಿ ಮೆಟ್ಟಿದರು, ಹೋದರು. ಸಾವಿನ ಮನೆಗೆ ಮಾತಾಡಿಸಲು ಬಂದವರು ಹೊರಡುವಾಗ 'ಬತ್ತೀನಿ' ಎನ್ನುವುದಿಲ್ಲ; ಅಂಥ ಮನೆಗೆ ಮತ್ತೆ ಬರುವಂತಾಗಬಾರದು ಎಂದು. ಕಿಟ್ಟಿ ಹೋದಾಗಲೂ ಅವರೆಲ್ಲ ಹಾಗೇ ಎದ್ದು ಹೋಗಿದ್ದರು. ಹುಡುಗ ಮಲಗಿದ್ದಾನೆ ಎಂಬುದನ್ನು ಬಾಯಲ್ಲಿ ಒಪ್ಪಿಕೊಂಡವರು ಕಾಲಲ್ಲಿ ಒಪ್ಪಿರಲಿಲ್ಲ.

ಅಪ್ಪ ಮತ್ತೆ ಸೀಡಿ ಹಾಕಲಿಲ್ಲ. ಕಡೆಯ ಒಂದೆರಡು ಹಾಗೇ ಉಳಿದವು. ಅಳಲಾರದ ಅಪ್ಪ ಒಂದು ಸುಳ್ಳು ಹೇಳಿ ತಮ್ಮನ್ನು ಕಾಪಾಡಿಕೊಂಡರು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಆ ಒಂದು ಸಾಲಿನಿಂದಲೇ ಅವರನ್ನು ಅರ್ಥಮಾಡಿಕೊಂಡಿದ್ದೆ.

ನಿನ್ನೆ ಸೆಲ್ವಿ ಅಕ್ಕ ಸೂಳಗಿರಿಯಿಂದ ಮಾತಾಡಿಸಲು ಬಂದರು. ತಲೆ ಪೂರ್ತಿ ನರೆತಿದೆ. ಡಬ್ಬ ತೋರಿಸಿ ಆ ಭಾನುವಾರದ ಮಾತೆತ್ತಿದೆ.

"ನಿಮ್ಮಪ್ಪ ಎಲ್ಲಿ ಹೇಳಿದ್ರು ಪಾಪಾ? ಅವರಿಗೆ ಬಾಯೇ ಬರ್ಲಿಲ್ಲ. ರಿಮೋಟು ಹಿಡ್ಕೊಂಡು ಹಂಗೇ ಕೂತ್ಬುಟ್ರು."

"ಮತ್ತೆ ಯಾರು ಹೇಳಿದ್ದು?"

"ನಿಮ್ಮಮ್ಮ. ಅಡಿಗೆಮನೆ ಬಾಗ್ಲಲ್ಲಿ ನಿಂತಿದ್ರಲ್ಲ, ಸೌಟು ಹಿಡ್ಕೊಂಡು."

ಸ್ವಲ್ಪ ಹೊತ್ತು ಕೂತಿದ್ದು ಸೆಲ್ವಿ ಅಕ್ಕ ಎದ್ದರು. ನನ್ನ ತಲೆಯ ಮೇಲೆ ಕೈಯಿಟ್ಟರು. 'ಬತ್ತೀನಿ' ಎನ್ನದೆ ಹೊರಟುಹೋದರು.

ಒಳಗಿನ ಕೋಣೆಯಿಂದ ಅಮ್ಮ ಕೇಳಿದಳು. "ಹೋದ್ಲಾ?"

"ಹೂಂ."

"ಆ ಡಬ್ಬ ತತ್ತಾ ಇಲ್ಲಿ. ಹಾಕಕ್ಕಾಯ್ತದಾ ಅದನ್ನ?"

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಇನ್ನೂ ಸೀಡಿ ಓಡುತ್ತದೆ. ಅಮ್ಮನ ಮುಂದಿಟ್ಟೆ. ಅವಳೇ ಹುಡುಕಿ ಒಂದನ್ನು ತೆಗೆದುಕೊಟ್ಟಳು. ಓದಲು ಬಾರದವಳಿಗೆ ಅದೇ ಎಂದು ಹೇಗೆ ತಿಳಿಯಿತೋ.

"ಈ ಸಲ ನೀನು ಹೇಳು," ಎಂದಳು.

"ಏನಂತ ಹೇಳ್ಲಿ?"

"ಇದ್ದಂಗೆ ಹೇಳು."

ಬಿಳಿ ಮನೆ ಬಂತು. ಮಂಚ ಬಂತು. ಡಾಕ್ಟರು ತಲೆ ತಗ್ಗಿಸಿ ಹೋದರು. ಎದೆಯ ಮೇಲಿನ ಕೈ, ಕೈಯಲ್ಲಿ ಹೂವು.

"ಹುಡುಗ ಸತ್ತೋದ, ಅಮ್ಮ," ಎಂದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದಳು.

"ಹೂಂ," ಎಂದಳು. "ನಮ್ಮ ಕಿಟ್ಟಿ ಕೈಯೂ ಅಷ್ಟೇ ಇತ್ತು."