ರಹಿಮಾನಸಾಬರ ಜಬಾನಿ

ಸವದತ್ತಿಯ ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ, ಸಂತೆಗೆ ಬಂದ ಅಷ್ಟೂ ಮಂದಿಯ ಮುಂದೆ, ನನ್ನ ನಲವತ್ತು ಪುಟಗಳನ್ನು ನೆಲಕ್ಕೆ ಒಗೆದು "ಖೊಟ್ಟಿ" ಎಂದ ಮನುಷ್ಯನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವರು ತೀರಿಕೊಂಡು ಮೂರು ವರ್ಷವಾಯಿತು. ಸತ್ತವರ ಮೇಲೆ ಎಂಥಾ ಸಿಟ್ಟು ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳಿಗೇನು, ಧೂಳಿನಲ್ಲಿ ಕೂತು ಆ ಹಾಳೆಗಳನ್ನು ಆರಿಸಿದವಳು ಅವಳಲ್ಲ.

ರಹಿಮಾನಸಾಬರು ಅರ್ಜಿ ಬರೆಯುವವರು. ಒಂದು ಹರಕು ಕಂಬಳಿ, ಇಳಿಜಾರು ಮುಚ್ಚಳದ ಒಂದು ಕಟ್ಟಿಗೆಯ ಪೆಟ್ಟಿಗೆ, ಬೋರು ಎನ್ನುವ ಜೊಂಡಿನ ಲೇಖಣಿ ಎರಡು, ಒಂದು ಮಸಿಕುಡಿಕೆ. ಕನ್ನಡವನ್ನೂ ಮರಾಠಿಯ ಮೋಡಿ ಲಿಪಿಯನ್ನೂ ಒಂದೇ ಕೈಯಲ್ಲಿ ಬರೆಯುತ್ತಿದ್ದರು. ಮೊದಲು ಯಾವುದೋ ಕಚೇರಿಯಲ್ಲಿ ಹನ್ನೊಂದು ವರ್ಷ ನಕಲು ಕಾರಕೂನರಾಗಿದ್ದರಂತೆ. ಒಂದು ದಿನ ಮಧ್ಯಾಹ್ನ ಬರೆಯುತ್ತಿದ್ದ ಕಾಗದವನ್ನು ಅರ್ಧಕ್ಕೆ ಬಿಟ್ಟು ಎದ್ದವರು ಮತ್ತೆ ಒಳಗೆ ಕಾಲಿಡಲಿಲ್ಲ. ಯಾಕೆಂದು ಊರೆಲ್ಲ ಒಂದೊಂದು ಕಥೆ ಹೇಳುತ್ತಿತ್ತು. ಅವರು ಮಾತ್ರ ಹೇಳಲಿಲ್ಲ.

ನಾನು ಮನೋಳಿಯ ಕಂಬಾರ, ಮುದಕಪ್ಪ. ಸಾಲಿ ಕಲಿತದ್ದು ಮೂರು ವರ್ಷ. ಹಾಗಿದ್ದವನಿಗೆ ಕಾದಂಬರಿಯ ಹುಚ್ಚು ಯಾಕೆ ಹಿಡಿಯಿತೆಂದರೆ, ನನ್ನ ಅಕ್ಕ ಸತ್ಯವ್ವನಿಂದ. ಅವಳನ್ನು ಬೈಲಹೊಂಗಲಕ್ಕೆ ಕೊಟ್ಟಿತ್ತು. ಮಕ್ಕಳಾಗಲಿಲ್ಲವೆಂದು ಅವರು ತಿರುಗಿ ಕಳಿಸಿದರು. ಪ್ಲೇಗು ಬಂದ ವರ್ಷ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿದಾಗ ಅವಳ ತೊಡೆಸಂದಿಯಲ್ಲಿ ಗಂಟು ಎದ್ದಿತು. ನಾಲ್ಕು ದಿನದಲ್ಲಿ ಹೋದಳು. ಬೈಲಹೊಂಗಲದಿಂದ ಮಣ್ಣಿಗೆ ಒಬ್ಬರೂ ಬರಲಿಲ್ಲ. ಆ ವರ್ಷ ಸತ್ತವರನ್ನು ಬರೆದುಕೊಂಡ ಕಾರಕೂನ ಯಾರೋ, "ಕಂಬಾರರ ಹೆಂಗಸು, ಒಂದು" ಎಂದಷ್ಟೇ ಬರೆದಿದ್ದ. ಹತ್ತು ವರ್ಷ ಕಳೆದ ಮೇಲೆ ಸಾಲಿ ಮಾಸ್ತರರು ಅಗಸಿಯಲ್ಲಿ ಒಂದು ಕಾದಂಬರಿ ಓದಿ ಹೇಳಿದಾಗ ನನಗೆ ಹೊಳೆಯಿತು: ಅಕ್ಕನ ಹೆಸರು ಒಂದು ಪುಸ್ತಕದಲ್ಲಿ ಇರಬೇಕು. ಅದನ್ನು ಅವಳ ಗಂಡನ ಮನೆಯವರ ಮುಂದೆ ನಾನೇ ಓದಬೇಕು.

ಬರೆದೆ. ಅಕ್ಷರ ತಿದ್ದಿಸಲು ಸಾಬರ ಬಳಿ ಒಯ್ದೆ. ಅವರು ಕಣ್ಣಿನ ಹತ್ತಿರ ಹಿಡಿದು ಹತ್ತು ಪುಟ ಓದಿದರು.

"ಏನೋ ಮುದಕಪ್ಪ, ನಿನ್ನ ಕಥಿಯಾಗ ಎಲ್ಲಾರೂ ಒಂದ ನಮೂನಿ ಮಾತಾಡತಾರಲ್ಲೋ? ಗೌಡನೂ ನಿನ್ನಂಗ ಒದರತಾನ, ಗೌಡನ ಹೆಂಡ್ತಿನೂ ನಿನ್ನಂಗ ಒದರತಾಳ. ಅವರ ಮನಿ ನಾಯಿ ಒಂದ ಉಳದೈತಿ ನೋಡು."

"ತಪ್ಪಿದ್ದಲ್ಲೆ ತಿದ್ರಿ ಅಂದ್ರ, ಚಾಷ್ಟಿ ಮಾಡತೀರೇನ್ರಿ?"

"ತಿದ್ದಾಕ ಏನೈತಿ ಇದರಾಗ? ಖೊಟ್ಟಿ ಐತಿ." ಒಗೆದೇಬಿಟ್ಟರು.

ಕೈಯಲ್ಲಿ ಸುತ್ತಿಗೆ ಇರಲಿಲ್ಲ, ಅದು ಇಬ್ಬರ ಪುಣ್ಯ. ಹಾಳೆ ಬಳಿದುಕೊಂಡು ಹೊರಟವನನ್ನು ಅವರೇ ಕರೆದರು. "ಸಿಟ್ಟು ಮುಗದ ಮ್ಯಾಲೆ ಬಾ. ಬರೂ ಮುಂದ ನಿನ್ನ ಕುಲುಮಿ ಪಂಚನಾಮಿ ಮಾಡ್ಕೊಂಡ ಬಾ. ಐದು ಮಂದಿ ಪಂಚರು ನೋಡಿ ಹೌದು ಅನಬೇಕು. ಚೆಂದ, ಘೋರ, ಪಾಪ, ಇಂಥಾವು ಒಂದೂ ಇರಬಾರದು. ಕಣ್ಣಿಗೆ ಕಂಡದ್ದಷ್ಟ ಬರಿ."

ಸಿಟ್ಟು ಮುಗಿಯಲು ಮೂರು ಸಂತೆ ಬೇಕಾದವು. ಆದರೆ ಪಂಚನಾಮೆ ಬರೆಯಲು ಕೂತಾಗ ನನಗೇ ಆಶ್ಚರ್ಯವಾಯಿತು. ಇಪ್ಪತ್ತು ವರ್ಷ ಕೆಲಸ ಮಾಡಿದ ಕುಲುಮೆಯಲ್ಲಿ ತಿದಿಯ ತೊಗಲಿಗೆ ಎಷ್ಟು ತೇಪೆ ಇವೆಯೆಂದು ಎದ್ದು ಹೋಗಿ ನೋಡಬೇಕಾಯಿತು. ಏಳು. ಅದರಲ್ಲಿ ಒಂದು ಅಕ್ಕ ಹಾಕಿದ್ದು. ಅದನ್ನು ಬರೆದೆ, ಅಷ್ಟೇ. ಸಾಬರು ಆ ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿಂದ ಸುರು ಆಗತೈತಿ ನಿನ್ನ ಕಾದಂಬರಿ" ಎಂದರು.

ಆಮೇಲೆ ಎರಡು ವರ್ಷ, ಸಂತೆಯ ದಿನ ಕುಡುಗೋಲು ಮಾರಿ ಮುಗಿಸಿ ಅವರ ಕಂಬಳಿಯ ಅಂಚಿಗೆ ಕೂರುತ್ತಿದ್ದೆ. ಕಥೆಯಲ್ಲಿ ಬರುವ ಪ್ರತಿಯೊಬ್ಬರದೂ ಒಂದು ಜಬಾನಿ ಬರೆಸಿದರು. ಸಾಕ್ಷಿದಾರ ಬಾಯಿಂದ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವ ಕಾಗದ ಅದು. ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ, ಊರು. ಕೆಳಗೆ, "ಪ್ರಮಾಣದ ಮೇಲೆ ಕೇಳಲಾಗಿ ಬರೆಸಿದ್ದೇನೆಂದರೆ" ಎಂದು ಅವರವರ ಮಾತು.

"ಜಬಾನಿ ಕೊಡಾಕ ಬಂದವ ಒಂದ ಮಾತು ಮುಚ್ಚಿಟ್ಟಿರತಾನ. ಏನು ಮುಚ್ಚಿಟ್ಟ ಅಂತ ಹಾಳಿ ಹಿಂದ ನೀ ಬರದಿಡು. ಕಥಿಯಾಗ ಅದನ್ನ ಹೇಳಬ್ಯಾಡ. ನಿನಗ ಗೊತ್ತಿದ್ರ ಸಾಕು" ಎನ್ನುತ್ತಿದ್ದರು.

ಅಕ್ಕನ ಅತ್ತೆಯ ಜಬಾನಿಯ ಸರದಿ ಬಂತು. ಬೈಯಲೆಂದೇ ಕೂತಿದ್ದೆ. ಆದರೆ ಅವಳ ಬಾಯಿಂದ ಬರೆಯಬೇಕಾದಾಗ, ಸೊಸೆಯನ್ನು ಕಳಿಸಿದ ದಿನ ಅವಳೂ ಉಂಡಿರಲಿಲ್ಲ ಎಂಬ ಮಾತು ಬಂತು. ಎಲ್ಲಿಂದ ಬಂತೋ ತಿಳಿಯದು. ಹೊಡೆದುಹಾಕಲು ಹೋದರೆ ಸಾಬರು ಬೋರು ಕಸಿದುಕೊಂಡರು.

ಕಚೇರಿಯ ಕಾಗದ ಪೋಣಿಸುವಂಥ ಒಂದು ಕೊಕ್ಕೆ ತಂತಿಯನ್ನು ನಾನೇ ಬಡಿದು ಮಾಡಿದೆ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಚೀಟಿ, ಚೀಟಿಗೆ ಒಂದೇ ಸಾಲು. ಯಾರ ಮಾತು ಮೊದಲು ಕೇಳಿದರೆ ಪ್ರಕರಣ ತಿಳಿಯುತ್ತದೆಯೋ ಆ ಚೀಟಿ ಮೊದಲು. ತೆಗೆದು, ಹಿಂದೆಮುಂದೆ ಮಾಡಿ, ಮತ್ತೆ ಪೋಣಿಸಿ ಹದಿನೇಳಕ್ಕೆ ನಿಂತಿತು. ಕುಲುಮೆಯ ಗೋಡೆಗೆ ನೇತುಹಾಕಿದೆ. ಹದಿನಾರು ಬರೆದು ಮುಗಿಸಿದೆ.

ಹದಿನೇಳನೆಯದು ಅಕ್ಕನ ಸಾವು. ತಮ್ಮನಾದವನು ಗುಡಿಸಲಿಗೆ ಓಡಿಹೋಗಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಮಲಪ್ರಭೆಯ ನೀರು ಬಿಟ್ಟ ಎಂದು ಬರೆದೆ. ಓದಿದವರು ಅಳಬೇಕು, ಹಾಗೆ ಬರೆದಿದ್ದೆ. ಅಷ್ಟು ಹೊತ್ತಿಗೆ ಸಾಬರ ಕಣ್ಣಿಗೆ ಪೊರೆ ಬಂದಿತ್ತು, ನಾನೇ ಓದಿದೆ.

"ಗುಡಸಲದ ಪಂಚನಾಮಿ ಎಲ್ಲೈತಿ?" ಎಂದರು.

"ಬರದಿಲ್ರಿ."

"ಬರಿ. ಒಲಿ ಯಾವ ಕಡೆಗಿತ್ತು? ಹಾಸಿದ್ದೇನು? ನೀರಿನ ಗಡಗಿ ಎಲ್ಲಿತ್ತು?"

ಓದಿದ ಹಾಳೆಗಳನ್ನು ಮಡಚತೊಡಗಿದೆ.

"ಒಳಗ ಹೋಗಿದ್ಯೇನೋ ನೀ?" ದನಿ ಇಳಿಸಿ ಕೇಳಿದರು. ಮಂದಿಯ ಮುಂದೆ ಖೊಟ್ಟಿ ಎಂದವರು ಆ ದಿನ ಯಾರಿಗೂ ಕೇಳದ ಹಾಗೆ ಕೇಳಿದರು. ನನಗೆ ಅದೇ ಹೆಚ್ಚು ಉರಿಯಿತು.

"ನೀವ್ಯಾರ್ರಿ ನನ್ನ ಕೇಳಾಕ? ನಾ ಏನ ಆರೋಪಿನೇನು?"

"ಹದಿನಾರು ಮಂದಿ ಜಬಾನಿ ತಗೊಂಡಿ. ನಿಂದ ಒಂದ ಇಲ್ಲ ಆ ತಂತಿಯಾಗ."

ಮಸಿಕುಡಿಕೆಯನ್ನು ಒದ್ದು ಎದ್ದೆ. ಕಂಬಳಿಯ ಮೇಲೆ ಮಸಿ ಹರಿಯಿತು. ಕಾಣದ ಕಣ್ಣಿನಿಂದ ಅವರು ಪೆಟ್ಟಿಗೆಯಲ್ಲಿದ್ದ ಬಿಳಿ ಹಾಳೆಗಳನ್ನು ಒಂದೊಂದಾಗಿ ಸವರಿ ಎತ್ತಿಟ್ಟುಕೊಳ್ಳುತ್ತಿದ್ದುದು ಇನ್ನೂ ಕಣ್ಣಮುಂದಿದೆ.

ಐದು ತಿಂಗಳು ಸವದತ್ತಿಯ ಕಡೆ ತಲೆ ಹಾಕಲಿಲ್ಲ. ಕೊಕ್ಕೆ ತಂತಿ ದಿನಾ ಗೋಡೆಯ ಮೇಲಿಂದ ನೋಡುತ್ತಿತ್ತು. ಕಡೆಗೆ ಒಂದು ದಿನ ಬೆಂಕಿ ಹಾಕದೆ ಕೂತು ಬರೆದೆ. ಹೆಸರು ಮುದಕಪ್ಪ. ಉದ್ಯೋಗ ಕಂಬಾರಿಕೆ. ಪ್ರಮಾಣದ ಮೇಲೆ ಕೇಳಲಾಗಿ ಬರೆಸಿದ್ದೇನೆಂದರೆ, ನಾನು ಹೊಲದ ಬದುವಿನ ಮೇಲೆ ನಿಂತೆ. ಅಲ್ಲಿಂದ ಗುಡಿಸಲಿಗೆ ಮೂವತ್ತು ಹೆಜ್ಜೆ. ನೀರಿನ ಗಡಿಗೆಯನ್ನು ಬದುವಿನ ಮೇಲಿಟ್ಟೆ. ಅವಳು "ತಮ್ಮಾ" ಎಂದು ಎರಡು ಸಲ ಕರೆದದ್ದು ಕೇಳಿತು. ಬಾಗಿಲ ತಟ್ಟಿಯ ಸಂದಿಯಲ್ಲಿ ಒಂದು ಕೈ ಕಂಡಿತು, ಹಸಿರು ಬಳೆ ಮೂರು. ನಾನು ಹೋಗಲಿಲ್ಲ. ಮರುದಿನವೂ ಗಡಿಗೆ ಇಟ್ಟಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೆ.

ಅದನ್ನೇ ಹದಿನೇಳನೆಯ ಅಧ್ಯಾಯ ಮಾಡಿದೆ.

ಸಾಬರು ಅದೇ ಗಿಡದ ಕೆಳಗೆ, ಮಸಿಕಲೆಯ ಅದೇ ಕಂಬಳಿಯ ಮೇಲೆ ಕೂತಿದ್ದರು. ಬರೆಯುವುದು ನಿಂತಿತ್ತು, ಕೇಳಿದವರಿಗೆ ಬಾಯಿಂದ ಹೇಳಿಕೊಡುತ್ತಿದ್ದರು. ನನ್ನ ಹೆಜ್ಜೆಯ ಸಪ್ಪಳಕ್ಕೇ, "ಬಾರೋ ಕಂಬಾರ, ಈ ಸಲ ಕುಡಿಕಿ ದೂರ ಇಟ್ಟೇನಿ" ಎಂದರು. ಓದಿದೆ. ಮುಗಿದ ಮೇಲೆ ಜಬಾನಿಯ ಕೊನೆಗೆ ಕಚೇರಿಯವರು ಬರೆಯುವ ಮಾತನ್ನೇ ಅಂದರು: "ಓದಿ ಹೇಳಲಾಗಿ ಸರಿ ಐತಿ."

ಕಾದಂಬರಿ ಮುಗಿಯಿತು.

"ನಿಮಗ ನಾ ಏನ ಕೊಡ್ಲಿ ಸಾಬರ?" ಎಂದು ಕೇಳಿದೆ.

"ನನ್ನ ಜಬಾನಿ ತಗೋ. ಮೂವತ್ತು ವರ್ಷ ಮಂದೀದು ಬರದೆ. ನಂದೊಂದು ಯಾರೂ ಬರಕೊಳ್ಳಲಿಲ್ಲ. ಆ ಕಚೇರಿಯಿಂದ ನಾ ಯಾಕ ಎದ್ದು ಬಂದೆ, ಅದನ್ನ ಹೇಳತೇನಿ. ಬರಕೋ."

ಹಾಳೆ ಇತ್ತು, ಬೋರು ಇತ್ತು, ಹೊತ್ತೂ ಇತ್ತು. ಆದರೆ ನನಗೆ ಬೈಲಹೊಂಗಲದ ಅವಸರ. "ಮುಂದಿನ ಸಂತಿಗೆ ಬರತೇನ್ರಿ" ಎಂದೆ.

"ಆಗಲಿ. ನಾ ಎಲ್ಲಿ ಹೊಕ್ಕೇನಿ?" ಎಂದರು.

ಬೈಲಹೊಂಗಲದಲ್ಲಿ ಅಕ್ಕನ ಮೈದುನ ಲಕ್ಕಪ್ಪನ ಕಟ್ಟೆಯ ಮೇಲೆ ಮೂರು ದಿನ ಓದಿದೆ. ಅವರ ಮೋರೆ ತಗ್ಗಿಸಲು ಹೊರಟವನು ಕೊನೆಯ ದಿನ ನನ್ನದೇ ತಗ್ಗಿಸಿ ಓದಿದೆ. ಲಕ್ಕಪ್ಪ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಮುಂದಿಟ್ಟ. ನಾನು ಕುಡಿದೆ.

ತಿರುಗಿ ಬರುವಷ್ಟರಲ್ಲಿ ಮಳೆ ಬಿದ್ದು ಊರಿನವರ ಕುಡ, ಕುಂಟೆ, ಕೂರಿಗೆ ಎಲ್ಲ ನನ್ನ ಬಾಗಿಲಿಗೆ ಬಂದವು. ಒಂದು ಸಂತೆ ತಪ್ಪಿತು, ಆರು ತಪ್ಪಿದವು. ಏಳನೆಯದಕ್ಕೆ ಹೋದರೆ ಗಿಡದ ಕೆಳಗೆ ಕಂಬಳಿ ಇಲ್ಲ. ಮಗಳು ರಾಮದುರ್ಗಕ್ಕೆ ಕರೆದೊಯ್ದಳು ಎಂದರು. ಅಲ್ಲಿಂದಲೇ ನಡೆದು ಹೋದೆ. ಅವರನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

ಮಗಳು ರಹೀಮಬಿ ನನ್ನನ್ನು ಕೂರಿಸಿ, "ಮನೋಳಿ ಕಂಬಾರಣ್ಣ ನೀವೇನ್ರಿ?" ಎಂದಳು. "ಬಾಗಿಲ ಸಪ್ಪಳಾದ್ರ ಸಾಕು, ಮುದಕಪ್ಪ ಬಂದ ನೋಡವಾ ಅಂತಿದ್ರು. ನಾನ ಬರಕೋತೇನಿ ಹೇಳ್ರಿ ಅಬ್ಬಾ, ನನಗೂ ನಾಕ ಅಕ್ಷರ ಬರತಾವ ಅಂದೆ. ಅಂವಗ ಹೇಳೂದೈತಿ ಅಂದ್ರು."

ಅವಳಿಂದ ಕೇಳಿ ಜಬಾನಿಯ ತಲೆಭಾಗವನ್ನಷ್ಟೇ ಬರೆದುಕೊಂಡೆ. ಹೆಸರು ರಹಿಮಾನಸಾಬ. ತಂದೆಯ ಹೆಸರು ಬಡೇಸಾಬ. ವಯಸ್ಸು ಅರವತ್ತೆರಡು. ಉದ್ಯೋಗ ಬರೆಯುವುದು. ಇರುವ ಊರು ಸವದತ್ತಿ. ಪ್ರಮಾಣದ ಮೇಲೆ ಕೇಳಲಾಗಿ ಬರೆಸಿದ್ದೇನೆಂದರೆ—

ಅದರ ಕೆಳಗೆ ಬಿಳಿ ಹಾಳೆ. ಊರಿನ ಹತ್ತು ಕಥೆಗಳಲ್ಲಿ ಒಂದನ್ನು ಆರಿಸಿ ತುಂಬಬಹುದು. ನಾನೇ ಒಂದನ್ನು ಕಟ್ಟಿಯೂ ಬರೆಯಬಲ್ಲೆ, ಈಗ ಕೈ ಪಳಗಿದೆ. ಹಾಗೆ ಬರೆದರೆ ಅದನ್ನು ನೆಲಕ್ಕೆ ಒಗೆಯಲು ಅವರಿಲ್ಲ. ಮೂರು ವರ್ಷದಿಂದ ಆ ಹಾಳೆ ನನ್ನ ಕುಲುಮೆಯ ಗೋಡೆಗೆ, ಅದೇ ಕೊಕ್ಕೆ ತಂತಿಯಲ್ಲಿ, ಹದಿನೆಂಟನೆಯದಾಗಿ ನೇತಾಡುತ್ತಿದೆ.