ಅದು ಈರುಳ್ಳಿಯಲ್ಲ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಈಗಲೂ ಒಂದು ನೋಟೀಸು ಅಂಟಿಕೊಂಡಿದೆ: ‘ಬಾಲ್ಕನಿಯ ಕಟ್ಟೆಯ ಮೇಲೆ ಯಾರೂ ಹೂಕುಂಡ ಇಡಬಾರದು.’ ಅಕ್ಷರ ನನ್ನದು. ಇಪ್ಪತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ಜೀವಶಾಸ್ತ್ರ ಬರೆದ ಕೈ, ಹಾಗಾಗಿ ದೂರದಿಂದಲೂ ಓದಬಹುದು. ಬರೆದವಳು ನಾನು, ಅಂಟಿಸಿದವಳು ನಾನು, ಮೂರು ಮನೆಗಳ ಬಾಗಿಲು ತಟ್ಟಿ, ಎದುರು ನಿಂತು, ಕುಂಡ ಇಳಿಸಿದವಳೂ ನಾನೇ. ಸಿಂಗಸಂದ್ರದ ಈ ಐದು ಮಹಡಿಯ ಕಟ್ಟಡದಲ್ಲಿ ನಾನು ತಲೆ ಎತ್ತಿ ನೋಡಿದರೆ ಸಾಕು, ಕೆಲವರು ಬಾಲ್ಕನಿಯಿಂದ ಒಳಗೆ ಸರಿಯುತ್ತಿದ್ದರು. ಅದು ನನಗೆ ಹೆಮ್ಮೆಯ ವಿಷಯವೇ ಆಗಿತ್ತು.

ಕಟ್ಟೆಯ ಮೇಲಿಂದ ಬಿದ್ದದ್ದು ನನ್ನ ಕುಂಡ.

ಕಾರಣ ಹೇಳುತ್ತೇನೆ, ಸಮರ್ಥನೆಗಲ್ಲ. ಮೂರನೇ ಮಹಡಿಯ ನನ್ನ ಬಾಲ್ಕನಿಗೆ ಬೆಳಗಿನ ಬಿಸಿಲು ಬರುವುದು ಒಂದೇ ಗಂಟೆ, ಅದೂ ಕಟ್ಟೆಯ ಎತ್ತರಕ್ಕೆ ಮಾತ್ರ. ನೆಲದ ಮೇಲಿಟ್ಟ ಗಿಡಕ್ಕೆ ಏನೂ ದಕ್ಕುವುದಿಲ್ಲ. ನನ್ನ ಬಳಿ ಎರಡು ಅಮರಿಲ್ಲಿಸ್ ಗೆಡ್ಡೆಗಳಿದ್ದವು. ಇಲ್ಲಿ ಎಲ್ಲರೂ ಅದನ್ನು ಸುಮ್ಮನೆ ಲಿಲ್ಲಿ ಅನ್ನುತ್ತಾರೆ. ಅದನ್ನು ಒಮ್ಮೆ ಅರಳಿಸುವುದು ಕಷ್ಟವಲ್ಲ, ಮತ್ತೆ ಅರಳಿಸುವುದೇ ಕಷ್ಟ. ಹೂ ಹೋದ ಮೇಲೆ ಎಲೆಗಳು ಆರೇಳು ತಿಂಗಳು ಬಿಸಿಲು ಕುಡಿದು ಗೆಡ್ಡೆಯನ್ನು ತುಂಬಿಸಬೇಕು. ಆಮೇಲೆ, ನವೆಂಬರಿನ ಹೊತ್ತಿಗೆ, ಕಲ್ಲು ಮನಸ್ಸು ಮಾಡಿ ನೀರು ನಿಲ್ಲಿಸಿ, ಎಂಟು ಹತ್ತು ವಾರ ಕತ್ತಲಲ್ಲಿ ಒಣಗಲು ಬಿಡಬೇಕು. ಹಾಗೆ ಮಲಗಿ ಎದ್ದ ಗೆಡ್ಡೆ ಹೂ ಬಿಡುತ್ತದೆ. ಪ್ರೀತಿ ಜಾಸ್ತಿಯಾಗಿ ದಿನಾ ನೀರು ಹಾಕಿದವರು ಬರೀ ಎಲೆ ನೋಡಿಕೊಂಡು ಕೂರುತ್ತಾರೆ. ನನ್ನದು ಬಿಳಿಯ ಮೇಲೆ ಕೆಂಪು ಗೆರೆಗಳ ಹೂವು. ಏಪ್ರಿಲಿನಲ್ಲಿ ಅದು ಎರಡನೇ ಸಲ ಅರಳಿದಾಗ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಆರು ಫೋಟೋ ಹಾಕಿ, ಈ ಬಣ್ಣ ಇಲ್ಲಿ ಬೇರೆ ಯಾರಲ್ಲೂ ಇಲ್ಲ ಎಂದು ಬರೆದಿದ್ದೆ. ಜಂಬ ನನಗೆ ಕಡಿಮೆಯೇನಲ್ಲ.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ, ಒಂದು ಗಂಟೆ ತಾನೇ ಎಂದುಕೊಂಡು ಒಂದು ಕುಂಡವನ್ನು ಕಟ್ಟೆಯ ಮೇಲಿಟ್ಟು ಕುಕ್ಕರ್ ಇಡಲು ಒಳಗೆ ಹೋದೆ. ಗಾಳಿ ಬೀಸಿತು. ಕೆಳಗಿನಿಂದ ಏನೋ ಒಡೆದ ಸದ್ದು, ಅದರ ಹಿಂದೆಯೇ ಒಂದು ಕೂಗು. ಓಡಿ ಬಂದು ಬಗ್ಗಿದೆ. ಸೆಕ್ಯೂರಿಟಿಯವರ ಪ್ಲಾಸ್ಟಿಕ್ ಕುರ್ಚಿ ಎರಡು ಹೋಳಾಗಿ ಬಿದ್ದಿತ್ತು. ಅದರ ಮೇಲೆಲ್ಲ ನನ್ನ ಮಣ್ಣು. ಅರವತ್ತು ದಾಟಿದ ಆ ಮನುಷ್ಯ ಗೇಟಿನ ಚಿಲಕ ಹಿಡಿದುಕೊಂಡು ಕುರ್ಚಿಯನ್ನೇ ನೋಡುತ್ತಿದ್ದರು. ನೀರಿನ ಟ್ಯಾಂಕರ್ ಬಂತೆಂದು ಆಗತಾನೇ ಎದ್ದು ಹೋಗಿದ್ದರಂತೆ.

ನಾನು ಬಾಲ್ಕನಿಯಿಂದ ಒಳಗೆ ಸರಿದೆ. ಕಟ್ಟೆಯ ಮೇಲೆ ಕುಂಡದ ಒದ್ದೆ ಗುರುತು ದುಂಡಗೆ ಉಳಿದಿತ್ತು. ಬಟ್ಟೆ ತಂದು ಅದನ್ನು ಒರೆಸಿದೆ. ಗಾಬರಿಯಲ್ಲಿ ಕೈ ತಾನಾಗಿ ಒರೆಸಿತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಬಟ್ಟೆ ಹುಡುಕಲು ಒಂದು ನಿಮಿಷ ಹಿಡಿದಿತ್ತು.

ನಾನು ಇಳಿದು ಹೋಗುವಷ್ಟರಲ್ಲಿ ಕೆಳಗೆ ಜನ ಸೇರಿದ್ದರು. ಮಣ್ಣಿನ ಕುಂಡ ಪುಡಿಪುಡಿಯಾಗಿತ್ತು, ಎಲೆಗಳು ಹರಿದು ಹೋಗಿದ್ದವು. ಉಳಿದದ್ದು ಮುಷ್ಟಿ ಗಾತ್ರದ, ಕಂದು ಸಿಪ್ಪೆಯ ಗೆಡ್ಡೆ ಮಾತ್ರ. ನಮ್ಮ ಅಸೋಸಿಯೇಷನ್ನಿನ ಅಧ್ಯಕ್ಷರು, ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಿಂದ ನಿವೃತ್ತರಾದವರು, ಅದನ್ನು ಎತ್ತಿ ತಿರುಗಿಸಿ ನೋಡಿದರು.

“ಇದು ಈರುಳ್ಳಿ ಕಣ್ರೀ! ಟೆರೇಸ್ ಮೇಲೆ ಈರುಳ್ಳಿ ಬೆಳೆಯೋರು ಯಾರು ಅಂತ ಎಲ್ಲರಿಗೂ ಗೊತ್ತಲ್ಲ.”

ಎಲ್ಲರೂ ತಿರುಗಿದ್ದು ನಮ್ಮ ಹೌಸ್‌ಕೀಪಿಂಗ್ ಹೆಂಗಸಿನ ಕಡೆಗೆ. ಕಲಬುರಗಿ ಕಡೆಯಾಕೆ, ಹಿಂದಿನ ಓಣಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದಳು. ಐದೂ ಮಹಡಿ ಒರೆಸಿ ಮುಗಿಸಿ ಟೆರೇಸಿನಲ್ಲಿ ಬುತ್ತಿ ಬಿಚ್ಚುತ್ತಿದ್ದಳು. ಅಲ್ಲಿ ಹಳೆಯ ಪೇಂಟ್ ಬಕೆಟ್‌ಗಳಲ್ಲಿ, ಒಡಕು ಕುಂಡಗಳಲ್ಲಿ ಈರುಳ್ಳಿ ಊರಿ, ಅದರ ಹಸಿರು ತಪ್ಪಲನ್ನು ಕಿತ್ತು ರೊಟ್ಟಿಯ ಜೊತೆ ತಿನ್ನುತ್ತಿದ್ದಳು. ನನಗೂ ಎರಡು ಸಲ ಕೊಟ್ಟಿದ್ದಳು.

“ನಂದಲ್ರಿ ಸಾಹೇಬ್ರ,” ಅಂದಳು. “ನನ್ನ ಉಳ್ಳಾಗಡ್ಡಿ ಎಲ್ಲಾ ಮ್ಯಾಲೇ ಅವ, ಬಂದು ಎಣಸ್ರಿ. ಇದರ ವಾಸನಿ ನೋಡ್ರಿ, ಉಳ್ಳಾಗಡ್ಡಿ ವಾಸನಿನೇ ಇಲ್ಲ.”

ಅಧ್ಯಕ್ಷರು ಮೂಸಿ ನೋಡಲಿಲ್ಲ. ಗೆಡ್ಡೆಯನ್ನು ನನ್ನ ಕಡೆ ಚಾಚಿದರು. “ಟೀಚರ್, ನೀವು ಬಯಾಲಜಿಯವರು. ನೀವೇ ಹೇಳ್ಬಿಡಿ. ಈರುಳ್ಳಿ ತಾನೆ?”

ಎಂಟನೇ ತರಗತಿಯ ಮಕ್ಕಳಿಗೆ ಆ ವ್ಯತ್ಯಾಸವನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು, ಆಕೆಯೂ. ನಾನು ಸತ್ಯ ಹೇಳುತ್ತೇನೆ ಎಂದು ಆಕೆಯ ಮುಖದಲ್ಲಿ ಒಂದು ನೆಮ್ಮದಿ ಕೂಡ ಬಂದಿತ್ತು.

“ಹಾಗೇ ಕಾಣುತ್ತೆ ಸಾರ್,” ಅಂದೆ.

ಅಂದೇ ಆಕೆಯ ಬಕೆಟ್‌ಗಳನ್ನೆಲ್ಲ ಕಸದ ಗಾಡಿಗೆ ಹಾಕಿಸಿದರು. ಟೆರೇಸಿನ ಬೀಗದ ಕೈ ಕಿತ್ತುಕೊಂಡರು. ಇನ್ನೊಂದು ಕಂಪ್ಲೇಂಟ್ ಬಂದರೆ ಕೆಲಸದಿಂದಲೇ ತೆಗೆಸುವುದಾಗಿ ಅಧ್ಯಕ್ಷರು ಹೇಳಿದರು. ದಿನಾ ಆಕೆಯ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದ ಸೆಕ್ಯೂರಿಟಿಯವರು ಕುಡಿಯುವುದನ್ನು ಬಿಟ್ಟರು. ಸಾಯಬೇಕಿದ್ದವನು ನಾನು ಎಂದು ಅವರು ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ಆಕೆ ಆಮೇಲೆ ಪಂಪ್ ಕೋಣೆಯ ಮೆಟ್ಟಿಲ ಮೇಲೆ ಕೂತು ಒಬ್ಬಳೇ ಉಣ್ಣುತ್ತಿದ್ದಳು.

ಮನೆಯಲ್ಲಿ ಗಂಡ, “ಇನ್ನೊಂದು ಕುಂಡ ಎಲ್ಲಿ?” ಎಂದು ಕೇಳಿದರು. ಗೆಡ್ಡೆ ಕೊಳೆಯಿತು ಅಂದೆ. ಗಿಡದ ವಿಷಯದಲ್ಲಿ ನನ್ನ ಮಾತನ್ನು ಯಾರೂ ಮರುಪ್ರಶ್ನೆ ಮಾಡುವುದಿಲ್ಲ.

ಒಂದು ವಾರದ ಮೇಲೆ ಮೆಟ್ಟಿಲು ಒರೆಸುತ್ತಿದ್ದ ಆಕೆ ನನ್ನನ್ನು ತಡೆದಳು. ಆಕೆಯ ಸೀಮೆಯಲ್ಲಿ ಟೀಚರುಗಳನ್ನು ಅಕ್ಕೋರು ಅನ್ನುತ್ತಾರೆ, ನನಗೂ ಹಾಗೇ ಅನ್ನುತ್ತಿದ್ದಳು. “ಅಕ್ಕೋರ, ಆ ಗಡ್ಡಿ ನಾ ಒಗದಿಲ್ಲ. ಪಂಪ್ ರೂಮಿನ ಬಾಜೂಕ ಬಕೆಟ್‌ನ್ಯಾಗ ಹಚ್ಚೀನಿ. ಉಳ್ಳಾಗಡ್ಡಿ ಅಲ್ಲ ಅದು. ಹೂವು ಬಿಡ್ಲಿ, ಯಾರ ಮನೀದು ಅಂತ ತಾನೇ ಹೇಳ್ತದ.”

ಬಿಳಿಯ ಮೇಲೆ ಕೆಂಪು ಗೆರೆ. ಆರು ಫೋಟೋ. ಒಳ್ಳೆಯದು ಎಂದು ತಲೆಯಾಡಿಸಿ ಶಾಲೆಗೆ ಹೋದೆ.

ಅಲ್ಲಿಂದ ನನ್ನ ದಿನಗಳು ಆ ಬಕೆಟ್ಟಿನ ಸುತ್ತಲೇ ತಿರುಗಿದವು. ಸಂಜೆ ಶಾಲೆಯಿಂದ ಬಂದವಳು ಮನೆಗೆ ಹೋಗುವ ಮೊದಲು ಪಂಪ್ ಕೋಣೆಯ ಕಡೆ ಒಂದು ಸುತ್ತು ಹಾಕುತ್ತಿದ್ದೆ. ಗೆಡ್ಡೆ ಕೊಳೆತಿರಲಿ ಎಂದು ಬೇಡಿಕೊಂಡೇ ಹೋಗುತ್ತಿದ್ದೆ. ನವೆಂಬರಿನಲ್ಲಿ ಅದು ಎರಡು ಹೊಸ ಎಲೆ ಚಾಚಿತು. ಆಕೆ ಖುಷಿಯಾಗಿ, “ಹೂವು ಬರಬೇಕಂದ್ರ ಏನ್ ಮಾಡಬೇಕ್ರಿ ಅಕ್ಕೋರ?” ಎಂದು ಕೇಳಿದಳು.

“ದಿನಾ ನೀರು ಹಾಕಮ್ಮ,” ಅಂದೆ. “ಒಂದು ದಿನಾನೂ ತಪ್ಪಿಸ್ಬೇಡ. ಮಣ್ಣು ಒಣಗಬಾರದು.”

ಮೊದಲನೆಯದು ಭಯದಲ್ಲಿ ಬಾಯಿಂದ ಬಿದ್ದ ಸುಳ್ಳು. ಇದು ಹಾಗಲ್ಲ. ಕಲಿತ ವಿದ್ಯೆಯನ್ನೆಲ್ಲ ಕೂಡಿಸಿ ಆಡಿದ ಸುಳ್ಳು. ಅದೇ ವಾರ ನನ್ನ ಮನೆಯಲ್ಲಿ ಉಳಿದಿದ್ದ ಇನ್ನೊಂದು ಗೆಡ್ಡೆಯನ್ನು ಕಿತ್ತು, ಪೇಪರಿನಲ್ಲಿ ಸುತ್ತಿ, ಮಂಚದ ಕೆಳಗಿನ ಕತ್ತಲಿಗೆ ತಳ್ಳಿದ್ದೆ.

ಆಕೆ ಪಾಪ, ಹೇಳಿದ ಹಾಗೆ ಮಾಡಿದಳು. ಬೆಳಿಗ್ಗೆ ಒಂದು ಚೊಂಬು, ಹೋಗುವಾಗ ಒಂದು ಚೊಂಬು. ನನಗೆ ಉಸಿರು ಬಂತು. ಡಿಸೆಂಬರಿನಲ್ಲಿ ಆಕೆ ತೊಗರಿ ರಾಶಿಗೆಂದು ಊರಿಗೆ ಹೋದಳು. ಬದಲಿಗೆ ಬೇರೆ ಯಾರೋ ಬಂದರು. ಬಕೆಟ್ ಕಾಣದಾದಾಗ ಕಸದ ಗಾಡಿಗೆ ಹೋಗಿರಬೇಕು ಎಂದುಕೊಂಡು ನಿಶ್ಚಿಂತೆಯಾಗಿ ನಿದ್ದೆ ಮಾಡಿದೆ.

ಜನವರಿಯ ಕೊನೆಗೆ ಆಕೆ ವಾಪಸು ಬಂದಳು. ಪಂಪ್ ಕೋಣೆಯ ಬಾಗಿಲು ತೆಗೆದು, ಮೂಲೆಯಿಂದ ಬಕೆಟ್ ಎಳೆದು ಹೊರಗಿಟ್ಟಳು. ಹೋಗುವಾಗ ಯಾರೂ ಒಗೆಯದಿರಲಿ ಎಂದು ಒಳಗಿಟ್ಟು ಹೋಗಿದ್ದಳಂತೆ. ಎಲೆ ಒಣಗಿ ಸುರುಟಿತ್ತು, ಮಣ್ಣು ಬಿರುಕು ಬಿಟ್ಟಿತ್ತು. ಎಂಟು ವಾರ. ಕತ್ತಲು. ಒಂದು ಹನಿ ನೀರಿಲ್ಲ. ನಾನೇ ಮಾಡಿದ್ದರೂ ಅದಕ್ಕಿಂತ ಚೆನ್ನಾಗಿ ಮಾಡುತ್ತಿರಲಿಲ್ಲ.

“ಸತ್ತೇ ಹೋತೇನೋ,” ಎಂದು ಆಕೆ ಮರುಗಿ ಮತ್ತೆ ದಿನಾ ನೀರು ಹಾಕತೊಡಗಿದಳು.

ನನ್ನ ಮಂಚದ ಕೆಳಗಿನದನ್ನು ನಾನು ನೆಡಲೇ ಇಲ್ಲ. ನನ್ನ ಮನೆಯಲ್ಲಿ ಆ ಬಣ್ಣ ಈ ವರ್ಷ ಅರಳುವುದೇ ಬೇಡ, ಜನ ಮರೆಯಲಿ ಎಂಬ ಲೆಕ್ಕ. ಮಾರ್ಚಿನಲ್ಲಿ ಕಸ ಗುಡಿಸುವಾಗ ಪೇಪರಿನ ಸುರುಳಿಯಿಂದ ಹಳದಿ ಬೆರಳಿನಂಥ ಕಾಂಡ ಹೊರಗೆ ಬಂದಿತ್ತು. ಮಣ್ಣಿಲ್ಲ, ನೀರಿಲ್ಲ, ತುದಿಯಲ್ಲಿ ಮೊಗ್ಗು ಮಾತ್ರ ಇತ್ತು. ಹಾಗೇ ಚಪ್ಪಲಿ ಹಾಕಿಕೊಂಡು ಕೆಳಗೆ ಓಡಿದೆ. ಬಕೆಟ್ಟಿನಲ್ಲೂ ಬಂದಿತ್ತು, ಗೇಣುದ್ದ, ದಷ್ಟಪುಷ್ಟವಾಗಿ.

ಅದು ದಿನಕ್ಕೊಂದು ಅಂಗುಲ ಏರಿತು. ಆಕೆ ಕಂಡಕಂಡವರಿಗೆಲ್ಲ ತೋರಿಸುತ್ತಿದ್ದಳು. ಅಧ್ಯಕ್ಷರೂ ಒಂದು ದಿನ ನಿಂತು ನೋಡಿ ಹುಬ್ಬು ಗಂಟಿಕ್ಕಿದರಂತೆ. ತರಗತಿಯಲ್ಲಿ ನಾನು ಕಾರಣವಿಲ್ಲದೆ ಮಕ್ಕಳ ಮೇಲೆ ರೇಗುತ್ತಿದ್ದೆ. ಒಂದು ಬೆಳಿಗ್ಗೆ ಆರು ಗಂಟೆಗೆ ಕಸದ ಚೀಲ ಹಿಡಿದು ಇಳಿದೆ. ಮೊಗ್ಗಿನ ಹೊದಿಕೆ ಸೀಳಿತ್ತು. ಸೀಳಿನಲ್ಲಿ ಬಿಳುಪು, ಬಿಳುಪಿನ ಮೇಲೆ ಒಂದು ಕೆಂಪು ಗೆರೆ. ಇನ್ನೊಂದು ದಿನ ಬಿಟ್ಟರೆ ಅರಳುತ್ತಿತ್ತು. ಆಚೀಚೆ ನೋಡಿದೆ. ಕಾಂಡ ಹಿಡಿದು ಬಗ್ಗಿಸಿದೆ. ಲಟಕ್ಕೆಂದಿತು. ಕೈಗೆಲ್ಲ ಅಂಟು ನೀರು.

ಮೊಗ್ಗನ್ನು ಊಟದ ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಹೋಗಿ ಅಲ್ಲಿ ಎಸೆದೆ. ಸಂಜೆ ಆಕೆ ಗೇಟಿನಲ್ಲೇ ಕಾಯುತ್ತಿದ್ದಳು. ಬಕೆಟ್‌ಗಳನ್ನು ಕಸಕ್ಕೆ ಹಾಕಿದ ದಿನ ಅಳದಿದ್ದವಳು ಅಂದು ಅತ್ತಳು.

“ಬೆಕ್ಕಿರಬೇಕಮ್ಮ,” ಅಂದೆ.

“ಬೆಕ್ಕು ಹಿಂಗ ಮುರಿತದೇನ್ರಿ? ಇದು ಕೈಲೆ ಮುರದದ್ದು.”

ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಅಸಹ್ಯವಾದರೂ ಬಾಯಿ ಬಿಡಲಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಆದರೆ ನನಗೆ ಗೊತ್ತಿದ್ದ, ಆಕೆಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಚೆನ್ನಾಗಿ ತುಂಬಿಕೊಂಡ ಗೆಡ್ಡೆ ಒಂದೇ ಕಾಂಡಕ್ಕೆ ನಿಲ್ಲುವುದಿಲ್ಲ.

ಹತ್ತು ದಿನವಾಗಿರಬೇಕು, ಮನೆಯ ಕರೆಗಂಟೆ ಸದ್ದಾಯಿತು. ಆಕೆ ಬಕೆಟ್ಟನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಗೆಡ್ಡೆಯ ಇನ್ನೊಂದು ಮಗ್ಗುಲಿನಿಂದ ಎರಡನೇ ಕಾಂಡ ಎದ್ದಿತ್ತು.

“ಕೆಳಗಿಟ್ರ ಮತ್ತ ಮುರಿತಾರ್ರಿ. ಅರಳೂ ತನಕ ನಿಮ್ಮನ್ಯಾಗ ಇರ್ಲಿ ಅಕ್ಕೋರ. ಇಲ್ಲಿ ನಿಮ್ಮನ್ನ ಬಿಟ್ಟು ನಾ ಯಾರನ್ನೂ ನಂಬಂಗಿಲ್ಲ.”

ಇಲ್ಲ ಅನ್ನಲು ನೆಪ ಸಿಗಲಿಲ್ಲ. ಬಕೆಟ್ ನನ್ನ ಬಾಲ್ಕನಿಗೆ ಬಂತು, ಹೊರಟಿದ್ದ ಜಾಗಕ್ಕೇ. ನೆಲದ ಮೇಲಿಟ್ಟೆ. ಗಂಡ ಅದನ್ನು ನೋಡಿದರು, ನನ್ನನ್ನು ನೋಡಿದರು. ಐದು ದಿನ ನಾನು ಆ ಬಾಲ್ಕನಿಗೆ ನೆಟ್ಟಗೆ ಮುಖ ಕೊಡಲಿಲ್ಲ. ಮುರಿಯುವುದು ಈಗ ಇನ್ನೂ ಸುಲಭವಿತ್ತು. ಗಾಳಿಗೆ ಬಿತ್ತು ಅಂದರೂ ಆಕೆ ನಂಬುತ್ತಿದ್ದಳು. ಆಕೆ ನಂಬುತ್ತಾಳೆ ಎನ್ನುವುದೇ ನನ್ನ ಕೈ ಕಟ್ಟಿತು. ಶನಿವಾರ ಅದು ಅರಳಿತು. ನಾಲ್ಕು ಹೂವು.

ಭಾನುವಾರ ಪಾರ್ಕಿಂಗಿನಲ್ಲಿ ಅಸೋಸಿಯೇಷನ್ ಮೀಟಿಂಗು. ಬಕೆಟ್ ತೆಗೆದುಕೊಂಡು ಹೋಗಿ ಅಧ್ಯಕ್ಷರ ಮುಂದಿನ ಮೇಜಿನ ಮೇಲಿಟ್ಟೆ.

“ಅವತ್ತು ಬಿದ್ದದ್ದು ಇದು. ಈರುಳ್ಳಿ ಅಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ಕುಂಡ ನನ್ನದು. ಕಟ್ಟೆಯ ಮೇಲಿಟ್ಟವಳು ನಾನು.”

ಅಧ್ಯಕ್ಷರು, “ಹೋಗ್ಲಿ ಬಿಡಿ ಟೀಚರ್, ಆಗಿದ್ದಾಯ್ತು. ಯಾರಿಗೂ ಏನೂ ಆಗ್ಲಿಲ್ವಲ್ಲ,” ಅಂದರು. ಆಕೆಗೆ ಹೇಳದಿದ್ದ ಆ ಮಾತು ನನಗೆ ಎಷ್ಟು ಬೇಗ ಸಿಕ್ಕಿತು! ಗೇಟಿನ ಬಳಿ ನಿಂತಿದ್ದ ಸೆಕ್ಯೂರಿಟಿಯವರು ಮಾತ್ರ ತಲೆ ಎತ್ತಿ ನನ್ನ ಬಾಲ್ಕನಿಯನ್ನು ನೋಡಿದರು. ಟೆರೇಸಿನ ಬೀಗದ ಕೈ ಆಕೆಗೆ ವಾಪಸು ಕೊಡಬೇಕು ಎಂದು ಹಟ ಹಿಡಿದೆ. ಕೊಟ್ಟರು.

ಆಕೆ ಕಂಬದ ಪಕ್ಕ ನಿಂತಿದ್ದಳು. ಮೇಜಿನ ಹತ್ತಿರ ಬಂದು ಹೂವನ್ನು ನೋಡಲಿಲ್ಲ, ಮುರಿದ ಮೊದಲ ಕಾಂಡದ ಮೋಟನ್ನು ನೋಡಿದಳು.

“ಇದನ್ನ ಮುರದವರೂ ನೀವೇ ಏನ್ರಿ?”

ಯಾರೂ ಕಂಡಿರಲಿಲ್ಲ. ಇಲ್ಲ ಅಂದಿದ್ದರೆ ನಡೆಯುತ್ತಿತ್ತು. “ಹೌದು,” ಅಂದೆ. ಅಲ್ಲಿಗೇ ಎಲ್ಲವನ್ನೂ ಮುಗಿಸಿಬಿಡಬೇಕೆಂದು, “ದಿನಾ ನೀರು ಹಾಕು ಅಂದದ್ದೂ ಸುಳ್ಳಮ್ಮ. ಮುಂದಿನ ವರ್ಷ ಹೂ ಬೇಕಂದ್ರೆ ನವೆಂಬರಿಂದ ಎರಡು ತಿಂಗಳು ನೀರು ನಿಲ್ಲಿಸ್ಬೇಕು, ಕತ್ತಲಲ್ಲಿಡಬೇಕು,” ಎಂದೂ ಹೇಳಿದೆ.

ಆಕೆ ಬಕೆಟ್ ಎತ್ತಿ ಸೊಂಟಕ್ಕಿಟ್ಟುಕೊಂಡಳು. “ನಾ ದಿನಾ ನೀರ ಹಾಕೀನಿ, ಹೂವು ಬಂದದ. ಇನ್ನ ನಿಮ್ಮ ಮಾತು ಸಾಕ್ರಿ, ಮೇಡಂ.”

ಅಂದಿನಿಂದ ನಾನು ಆಕೆಗೆ ಮೇಡಂ.

ಈಗ ಮತ್ತೆ ನವೆಂಬರ್. ನಿನ್ನೆ ಬಟ್ಟೆ ಒಣಹಾಕುವ ನೆಪದಲ್ಲಿ ಟೆರೇಸಿಗೆ ಹೋಗಿದ್ದೆ. ಹೊಸ ಬಕೆಟ್‌ಗಳಲ್ಲಿ ಈರುಳ್ಳಿ ತಪ್ಪಲು ಎದ್ದಿತ್ತು. ಸೆಕ್ಯೂರಿಟಿಯವರ ಚಹಾದ ಲೋಟ ಅಲ್ಲೇ ತೊಳೆದು ಬೋರಲು ಹಾಕಿತ್ತು. ಮೂಲೆಯಲ್ಲಿ ಲಿಲ್ಲಿ, ಉದ್ದ ಎಲೆಗಳು ಹಚ್ಚಹಸಿರು. ಬಗ್ಗಿ ಮಣ್ಣು ಮುಟ್ಟಿ ನೋಡಿದೆ. ಒದ್ದೆಯಾಗಿತ್ತು.